ಅರ್ಧ ಮಿಲಿಮೀಟರ್ ಕೂಡ ಇಲ್ಲ

ಐದನೇ ಕ್ಲಾಸಿನಿಂದ ಕನ್ನಡಕ. ಈಗ ಪವರ್ ಮೈನಸ್ ನಾಲ್ಕು. ಮೂಗಿನ ಮೇಲೆ ಬಿದ್ದಿರುವ ಎರಡು ಗುಳಿಗಳು ಬೆಳಿಗ್ಗೆ ಎದ್ದಾಗಲೂ ಹಾಗೇ ಇರುತ್ತವೆ.

ಇವತ್ತು ಕನ್ನಡಕ ಬಿಡಿಸುವ ಲೇಸರ್ ಆಪರೇಷನ್‌ಗೆ ಮುಂಚಿನ ಟೆಸ್ಟ್ ಮಾಡಿಸಿಕೊಂಡು ಬಂದೆ. ಇದರಲ್ಲಿ ಮೂರು ಬಗೆ: ಲಾಸಿಕ್, ಸ್ಮೈಲ್, ಪಿಆರ್‌ಕೆ. ಮನಸ್ಸಲ್ಲಿ ಸ್ಮೈಲ್ ಅಂತ ತೀರ್ಮಾನ ಮಾಡಿಯೇ ಹೋಗಿದ್ದೆ. ಲಾಸಿಕ್‌ನಲ್ಲಿ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪರದೆಯ ಮೇಲೆ ತೆಳುವಾದ ಮುಚ್ಚಳ ಕೊಯ್ದು, ಎತ್ತಿ, ಕೆಳಗೆ ಲೇಸರ್ ಹಾಯಿಸಿ ಮತ್ತೆ ಮುಚ್ಚುತ್ತಾರೆ. ಸ್ಮೈಲ್‌ನಲ್ಲಿ ಮುಚ್ಚಳವೇ ಇಲ್ಲ, 2ರಿಂದ 4 ಮಿಲಿಮೀಟರ್ ಸೀಳು ಸಾಕು. ಅದೇ ಒಳ್ಳೇದು ಅನ್ನಿಸಿತ್ತು.

ಆದರೆ ಮೆಷಿನ್‌ಗೆ ಗಲ್ಲ ಊರಿ, ಕೆಂಪು ಚುಕ್ಕಿ ನೋಡುತ್ತಾ ಕೂತ ಮೇಲೆ ಬಂದ ಕಾರ್ನಿಯಾದ ದಪ್ಪದ ಅಂಕಿ 480 ಮೈಕ್ರಾನ್. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಸಾಮಾನ್ಯವಾಗಿ 540ರ ಆಸುಪಾಸು ಇರುತ್ತದಂತೆ. ಇಷ್ಟು ವರ್ಷ ನನಗೆ ಮಳೆ, ಅಕ್ಷರ, ಅಮ್ಮನ ಮುಖ ಎಲ್ಲವನ್ನೂ ತೋರಿಸಿದ ಈ ಪರದೆ ಅರ್ಧ ಮಿಲಿಮೀಟರ್ ಕೂಡ ದಪ್ಪ ಇಲ್ಲ. ಆಗ ನಿಜವಾಗಿ ಎದೆ ತುಂಬಿ ಬಂತು.

ಕಾರ್ನಿಯಾ ತೆಳು ಅಂತ ಡಾಕ್ಟರ್ ಪಿಆರ್‌ಕೆ ಹೇಳಿದರು. ಮೂರರಲ್ಲಿ ಹಳೆಯದು. ಮೇಲಿನ ಪದರ ಮಾತ್ರ ಸರಿಸಿ ಲೇಸರ್ ಹಾಯಿಸುತ್ತಾರೆ, ಅದು ನಾಲ್ಕೈದು ದಿನದಲ್ಲಿ ತಾನೇ ಬೆಳೆಯುತ್ತದೆ. ಅಲ್ಲಿವರೆಗೆ ಉರಿ, ನೀರು ಸೋರುವುದು ಇದ್ದೇ ಇದೆ. ನೋಟ ಪೂರ್ತಿ ತಿಳಿಯಾಗಲು ವಾರಗಳೇ ಬೇಕು. ಪರವಾಗಿಲ್ಲ. ತೆಳು ಕಾರ್ನಿಯಾದ ಬಲ ಜಾಸ್ತಿ ಉಳಿಯುವುದು ಇದರಲ್ಲೇ ಅಲ್ವಾ, ನನಗೆ ಅದೇ ಮುಖ್ಯ.

ರಜೆ ಕೇಳಿದ್ದೇನೆ. ಅಮ್ಮ ಒಂದು ವಾರ ಬಂದಿರ್ತೀನಿ ಅಂದಿದ್ದಾರೆ.