ಮ್ಯಾನಿಫೋಲ್ಡ್ ಪಾಲಿಷ್‌ಗೆ ಯಾವ ಮಷೀನ್ ತಗೊಳ್ಳಲಿ?

"ಗುರೂ, ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೆ ನಯ ಮಾಡಿ ಪಾಲಿಷ್ ಹೊಡೀಬೇಕು ಅಂತಿದೀನಿ. ಯಾವ ಮಷೀನ್ ತಗೊಳ್ಳಲಿ?"

ತಿಂಗಳಿಗೆ ಇಬ್ಬರಾದರೂ ಹೀಗೆ ಕೇಳುತ್ತಾರೆ. ಇನ್‌ಟೇಕ್ ಮ್ಯಾನಿಫೋಲ್ಡ್ ಅಂದರೆ ಇಂಜಿನ್ನಿನ ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಗಳ ಗೊಂಚಲು. ಕೇಳುವವರ ಫೋನಿನಲ್ಲಿ ಆಗಲೇ ಮೂರು ಮಷೀನಿನ ಫೋಟೋ ಇರುತ್ತದೆ. ನಾನು ಒಂದರ ಮೇಲೆ ಬೆರಳಿಟ್ಟರೆ ಸಾಕು, ಆರ್ಡರ್ ಹೋಗಿಬಿಡುತ್ತದೆ. ಅದಕ್ಕೇ ಬೆರಳಿಡುವುದಿಲ್ಲ. ಬಾನೆಟ್ ಎತ್ತಿ ನೋಡಿದ್ರಾ ಅಂತ ತಿರುಗಿ ಕೇಳುತ್ತೇನೆ.

ಯಾಕೆಂದರೆ ಈಚಿನ ಪೆಟ್ರೋಲ್ ಕಾರುಗಳಲ್ಲಿ ಬಹಳಷ್ಟಕ್ಕೆ ಮ್ಯಾನಿಫೋಲ್ಡ್ ಪ್ಲಾಸ್ಟಿಕ್ಕಿನದೇ, ಗಾಜಿನ ನಾರು ಬೆರೆಸಿದ ನೈಲಾನ್. ಅಚ್ಚಿನಿಂದ ಬರುವಾಗಲೇ ಅದರ ಒಳಮೈ ನುಣುಪಾಗಿರುತ್ತದೆ. ಅದಕ್ಕೆ ಗ್ರೈಂಡರ್ ಹಿಡಿಯುವುದೆಂದರೆ ಸಿಪ್ಪೆ ಸುಲಿದ ಬಾಳೆಹಣ್ಣನ್ನು ಮತ್ತೆ ಸುಲಿದ ಹಾಗೆ. ಅಂಥ ಗಾಡಿಯಾದರೆ ಏರ್ ಫಿಲ್ಟರ್ ಬದಲಾಯಿಸಿ, ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿ, ಮಿಕ್ಕ ದುಡ್ಡಿಗೆ ಪೆಟ್ರೋಲ್ ಹಾಕಿಸಿಕೊಳ್ಳಿ. ನನ್ನ ಉತ್ತರ ಎರಕದ ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ಇರುವ ಹಳೇ ಗಾಡಿಗಳವರಿಗೆ. ನನ್ನದು ಮಾರುತಿ ಎಸ್ಟೀಮ್, 1298 ಸಿಸಿ, 16 ವಾಲ್ವಿನದು. ಅದರ ಮ್ಯಾನಿಫೋಲ್ಡಿನ ಒಳಗೆ ಬೆರಳು ಹಾಕಿದರೆ ಮುದ್ದೆ ತಿರುವಿದ ಪಾತ್ರೆ ತೊಳೆಯದೆ ಒಣಗಿದ ಹಾಗೆ ತರಿತರಿ. ನಡುವೆ ಅಚ್ಚಿನ ಎರಡು ಹೋಳು ಕೂಡಿದ ಕಡೆ ಒಂದು ಏಣು.

ಆ ಏಣು, ಆ ತರಿ, ಇಂಜಿನ್ನಿನ ಹೆಡ್ಡಿಗೆ (ಸಿಲಿಂಡರಿನ ಮೇಲೆ ಕೂರುವ, ವಾಲ್ವುಗಳಿರುವ ಭಾಗ) ಸೇರುವ ಬಾಯಿಯಲ್ಲಿನ ಹೆಚ್ಚುಕಮ್ಮಿ, ಕೆಲಸ ಇರುವುದು ಈ ಮೂರರಲ್ಲೇ. ಇದಕ್ಕೆ ಬೇಕಾದ ಮೊದಲ ಸಾಮಾನು ಕರೆಂಟಿಗೆ ಹಾಕುವಂಥದ್ದಲ್ಲ. ಒಂದು ಕಪ್ಪು ಮಾರ್ಕರ್, ಒಂದು ಹೊಸ ಗ್ಯಾಸ್ಕೆಟ್ (ಮ್ಯಾನಿಫೋಲ್ಡಿಗೂ ಹೆಡ್ಡಿಗೂ ನಡುವೆ ಗಾಳಿ ಸೋರದಂತೆ ಕೂರಿಸುವ ತೆಳು ಹಾಳೆ), ಗೀಚಲು ಚೂಪಾದ ಮೊಳೆ, ಅಳೆಯಲು ಒಂದು ವರ್ನಿಯರ್. ಬಾಯಿಯ ಸುತ್ತ ಮಾರ್ಕರ್ ಬಳಿದು, ಗ್ಯಾಸ್ಕೆಟ್ಟನ್ನು ಬೋಲ್ಟ್ ತೂತಿಗೆ ಸರಿಯಾಗಿ ಕೂರಿಸಿ, ಅಂಚಿನುದ್ದಕ್ಕೂ ಮೊಳೆಯಲ್ಲಿ ಗೀಚಿ. ಹೆಡ್ಡಿನ ಕಡೆಗೂ ಹಾಗೇ ಮಾಡಿ. ಗಾಳಿ ಮ್ಯಾನಿಫೋಲ್ಡಿನಿಂದ ಹೆಡ್ಡಿಗೆ ಹೋಗುತ್ತದೆ. ಹಾಗಾಗಿ ಮ್ಯಾನಿಫೋಲ್ಡಿನ ಬಾಯಿ ಹೆಡ್ಡಿನದಕ್ಕಿಂತ ಕೂದಲೆಳೆ ಚಿಕ್ಕದಿದ್ದರೆ ತೊಂದರೆ ಇಲ್ಲ, ದೊಡ್ಡದಾದರೆ ಗಾಳಿಯ ಎದುರಿಗೆ ಹೊಸ್ತಿಲು ಕಟ್ಟಿದ ಹಾಗೆ. ಗೀಚಿದ ಗೆರೆ ಕಾಣದೆ ಗ್ರೈಂಡರ್ ಹಿಡಿದವರೆಲ್ಲ ಈ ಹೊಸ್ತಿಲು ಕಟ್ಟಿಯೇ ಬರುತ್ತಾರೆ.

ಆಮೇಲೆ ಬರ್, ಅಂದರೆ ಮಷೀನಿನ ಮೂತಿಗೆ ಸಿಕ್ಕಿಸುವ, ಹಲ್ಲಿರುವ ಕೊರೆಯುವ ತುದಿ. ನನ್ನ ಮಾತು ಕೇಳುವುದಾದರೆ ಕೈಯಲ್ಲಿರುವ ದುಡ್ಡಿನಲ್ಲಿ ದೊಡ್ಡ ಪಾಲು ಮಷೀನಿಗಲ್ಲ, ಇದಕ್ಕೆ ಹೋಗಲಿ. ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಬರೀ "ಕಾರ್ಬೈಡ್ ಬರ್ ಕೊಡಿ" ಅಂದರೆ ಕೈಗೆ ಬರುವುದು ಡಬಲ್ ಕಟ್. ಅದರ ಹಲ್ಲು ಸಣ್ಣ, ಒತ್ತೊತ್ತು. ಕಬ್ಬಿಣ, ಸ್ಟೀಲಿಗೆ ಅದು ಬಂಗಾರ. ಅಲ್ಯೂಮಿನಿಯಂ ಮೆದು, ಬಿಸಿಯಾದರೆ ಅಂಟಿಕೊಳ್ಳುತ್ತದೆ. ಎರಡು ನಿಮಿಷಕ್ಕೆ ಹಲ್ಲಿನ ಸಂದೆಲ್ಲ ತುಂಬಿ, ಬರ್ ಬೆಳ್ಳಿ ಗುಂಡಾಗುತ್ತದೆ. ಆಮೇಲೆ ಅದು ಕೊರೆಯುವುದಿಲ್ಲ, ಉಜ್ಜುತ್ತದೆ ಅಷ್ಟೇ. ಬೇಕಾದದ್ದು ಸಿಂಗಲ್ ಕಟ್, ಹಲ್ಲು ದೊಡ್ಡದು, ನಡುವೆ ಆಳವಾದ ಕಾಲುವೆ. "ಅಲ್ಯೂಮಿನಿಯಂ ಕಟ್" ಅಂತಲೇ ಕೇಳಿ. ಆಕಾರದಲ್ಲಿ ಒಂದು ಉದ್ದನೆ ಮೊಟ್ಟೆಯಂಥದ್ದು, ಒಂದು ತುದಿ ದುಂಡಗಿರುವ ಕೊಳವೆಯಂಥದ್ದು ಸಾಕು. ಹತ್ತು ಬರ್ ಇರುವ ಡಬ್ಬಿ ಅಗ್ಗಕ್ಕೆ ಸಿಕ್ಕಿತು ಅಂತ ಕುಣಿಯಬೇಡಿ, ಅದರಲ್ಲಿ ಎಂಟನ್ನು ನೀವು ಮುಟ್ಟುವುದಿಲ್ಲ. ಒಳ್ಳೆಯ ಬರ್ ಹಿಡಿದರೂ ಆಗಾಗ ಅದನ್ನು ಮೇಣದಬತ್ತಿಗೆ ತಾಗಿಸುತ್ತಿರಿ, ಲೋಹ ಅಂಟುವುದಿಲ್ಲ. ಸೀಮೆಎಣ್ಣೆ ಹಾಕುವವರಿದ್ದಾರೆ. ಕಾರ್ಬನ್ ಬ್ರಷ್ ಕಿಡಿ ಹಾರಿಸುವ ಮೋಟರಿನ ಪಕ್ಕದಲ್ಲಿ ನನಗೆ ಅಷ್ಟು ಧೈರ್ಯ ಇಲ್ಲ.

ಇನ್ನು ಮಷೀನ್. ಏರ್ ಗ್ರೈಂಡರ್ ಕೈಗೆ ಹಗುರ, ಬಿಸಿಯಾಗುವುದಿಲ್ಲ, ನಿಮಿಷಕ್ಕೆ 20,000 ಸುತ್ತಿನ ಮೇಲೆ ತಿರುಗುತ್ತದೆ. ಆದರೆ ಅದರ ಗಾಳಿಯ ಹಸಿವು ಭಯಂಕರ. ಮನೆಯಲ್ಲಿಡುವ 25 ಲೀಟರಿನ ಕಂಪ್ರೆಸರ್ ಅದಕ್ಕೆ ಒಂದು ನಿಮಿಷವೂ ಸಾಲುವುದಿಲ್ಲ. ಪೀಣ್ಯದ ಕಡೆ ವರ್ಕ್‌ಶಾಪ್ ಇರುವ ಗೆಳೆಯರಿದ್ದರೆ ಸರಿ, ಮನೆಯ ತಾರಸಿಯಲ್ಲಿ ಮಾಡುವವರು ಮರೆತುಬಿಡಿ. ಡ್ರಿಲ್ಲಿಂಗ್ ಮಷೀನ್ ಎಲ್ಲರ ಮನೆಯಲ್ಲೂ ಇದೆ. ಅದರ ಸುತ್ತು ಮೂರು ಸಾವಿರದ ಆಸುಪಾಸು, ಬರ್‌ಗೆ ತೀರಾ ಕಡಿಮೆ. ಹಲ್ಲು ಸಿಕ್ಕಿಕೊಂಡು ಜಗ್ಗುತ್ತದೆ. ಎಮರಿ, ಅಂದರೆ ಉಜ್ಜುವ ಕಾಗದದ, ಸುರುಳಿ ತಿರುಗಿಸಲು ಮಾತ್ರ ಲಾಯಕ್ಕು. ನಾಲ್ಕಿಂಚಿನ ಗ್ರೈಂಡರಿಗೆ ಚಕ್ ಸಿಕ್ಕಿಸುವ ಉಪಾಯವನ್ನು ಯಾರಾದರೂ ತೋರಿಸಿದರೆ ನಮಸ್ಕಾರ ಹೇಳಿ ಎದ್ದುಬನ್ನಿ.

ಕರೆಂಟಿನ ಸ್ಟ್ರೈಟ್ ಗ್ರೈಂಡರ್, ಅಂದರೆ ಡೈ ಗ್ರೈಂಡರ್, ನನ್ನ ಆಯ್ಕೆ. 6 ಮಿಮೀ ಶ್ಯಾಂಕ್, ಅಂದರೆ ಬರ್‌ನ ಕಡ್ಡಿ, ಹಿಡಿಯುವಂಥದ್ದು ಇರಲಿ. ಒಂದೇ ಶರತ್ತು, ಸ್ಪೀಡ್ ತಿರುಗಿಸುವ ಚಕ್ರ ಇರಲೇಬೇಕು. ಈ ಶರತ್ತು ಕಲಿತದ್ದು ಹೇಗೆಂದು ಹೇಳಿಬಿಡುತ್ತೇನೆ.

ನಾನು ಮೊದಲು ತಂದದ್ದು ಸ್ಪೀಡ್ ಚಕ್ರ ಇಲ್ಲದ್ದು, ಸ್ವಿಚ್ ಒತ್ತಿದರೆ ನೇರ 27,000. ರನ್ನರಿನ, ಅಂದರೆ ಮ್ಯಾನಿಫೋಲ್ಡಿನ ಒಂದೊಂದು ಕೊಳವೆಯ, ಒಳಗೆ ಎಟುಕಲಿ ಅಂತ 150 ಮಿಮೀ ಉದ್ದದ ಶ್ಯಾಂಕಿನ ಬರ್ ಹಾಕಿದ್ದೆ. ರಾಜಾಜಿನಗರದ ನಮ್ಮ ತಾರಸಿಯಲ್ಲಿ, ಒಗೆಯುವ ಕಲ್ಲಿನ ಮೇಲೆ ಮ್ಯಾನಿಫೋಲ್ಡ್ ಇಟ್ಟು, ಬರ್ ಇನ್ನೂ ಹೊರಗಿರುವಾಗಲೇ ಸ್ವಿಚ್ ಒತ್ತಿದೆ. ಅಷ್ಟುದ್ದದ ಕಡ್ಡಿ ಒಂದು ಕ್ಷಣ ನೆಟ್ಟಗೆ ತಿರುಗಿತು. ಆಮೇಲೆ ತುದಿ ಮಸುಕಾಯಿತು, ಕೈಯಲ್ಲಿ ಮಷೀನ್ ಒದೆಯತೊಡಗಿತು. ಸ್ವಿಚ್ ಬಿಡುವಷ್ಟರಲ್ಲಿ ಕಡ್ಡಿ ಕೊಡೆಯ ಹಿಡಿಯ ಹಾಗೆ ಬಾಗಿ, ಗ್ಯಾಸ್ಕೆಟ್ ಕೂರುವ ಮೈಮೇಲೆ ಅಡ್ಡಡ್ಡ ಮೂರು ಗೀರು ಎಳೆದಿತ್ತು. ಕಣ್ಣಿಗೆ ಕನ್ನಡಕ ಇದ್ದದ್ದು ಪುಣ್ಯ. ಆ ಮೈಯನ್ನು ಮಿಲ್ಲಿಂಗ್ ಮಾಡಿಸಿ ಸಮ ಮಾಡಿಸಲು ಕೊಟ್ಟ ದುಡ್ಡಿನಲ್ಲಿ ಇನ್ನೆರಡು ಬರ್ ಬರುತ್ತಿತ್ತು. ಉದ್ದ ಶ್ಯಾಂಕಾದರೆ ಬರ್ ರನ್ನರಿನ ಒಳಗೆ ಹೋದ ಮೇಲೆಯೇ ಸ್ವಿಚ್ ಒತ್ತಬೇಕು, ಅದೂ ಮಷೀನಿನ ಅತಿ ಕಡಿಮೆ ಸ್ಪೀಡಿನಲ್ಲಿ. ಹೊರಗೆ ತೆಗೆಯುವ ಮೊದಲು ನಿಲ್ಲಿಸಬೇಕು.

ಕೆಳಗಿನ ಮನೆ ಆಂಟಿ ಮೆಟ್ಟಿಲು ಹತ್ತಿ ಬಂದು, "ಏನಪ್ಪಾ ಇದು, ಬೆಳಗ್ಗೆಯಿಂದ ಡೆಂಟಿಸ್ಟ್ ಹತ್ರ ಬಾಯಿ ತೆಕ್ಕೊಂಡು ಕೂತ ಹಾಗಾಗ್ತಿದೆ" ಅಂದದ್ದೂ ಅವತ್ತೇ.

ಅವರ ಮಾತಿನಿಂದಲೇ ಒಂದು ದಾರಿ ಹೊಳೆಯಿತು. ಸಣ್ಣ ಜಾಗದಲ್ಲಿ ಇಡೀ ದಿನ ಕೊರೆಯುವವರು ಇನ್ನಾರಿದ್ದಾರೆ? ಅಕ್ಕಸಾಲಿಗರು. ನಗರ್ತಪೇಟೆಯ ಒಡವೆ ಕೆಲಸದ ಕೋಣೆಗಳಲ್ಲಿ ತಲೆಯ ಮೇಲೆ ಕೊಕ್ಕೆಗೆ ಮೋಟರ್ ತೂಗುಹಾಕಿರುತ್ತಾರೆ. ಅದರಿಂದ ಬಳುಕುವ ಕೇಬಲ್ ಇಳಿದು ಪೆನ್ನಿನಷ್ಟು ಸಣ್ಣ ಹಿಡಿಗೆ ಬರುತ್ತದೆ. ಸ್ಪೀಡ್ ಕಾಲಿನ ಪೆಡಲಿನಲ್ಲಿ, ಹೊಲಿಗೆ ಮಷೀನಿನ ಹಾಗೆ. ಮೋಟರಿನ ಭಾರ ಕೈಗಿಲ್ಲ, ಎರಡೂ ಕೈ ಕೆಲಸದ ಮೇಲೆ. ರನ್ನರಿನ ತಿರುವಿನಲ್ಲಿ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕೂರುವ ತೂತಿನ ಸುತ್ತ, ನಾನು ಈಗ ಬಳಸುವುದು ಅದನ್ನೇ. ಡ್ರೆಮೆಲ್ ತರಹದ್ದೂ ನಡೆಯುತ್ತದೆ, ಆದರೆ ಅದರ 3.2 ಮಿಮೀ ಶ್ಯಾಂಕಿಗೆ ಭಾರ ಹಾಕಿದರೆ ಅಳುತ್ತದೆ. ಅದು ಹೆರೆಯುವ ಯಂತ್ರ ಅಲ್ಲ, ತಿದ್ದುವ ಯಂತ್ರ.

ಬರ್ ಮುಗಿದ ಮೇಲೆ ಎಮರಿ. ಸೀಳಿದ ಕಡ್ಡಿಗೆ ಎಮರಿ ಬಟ್ಟೆಯ ಪಟ್ಟಿ ಸಿಕ್ಕಿಸಿ ಸುತ್ತಿ ತಿರುಗಿಸಿದರೂ ಆಯಿತು, ರೆಡಿಮೇಡ್ ಸುರುಳಿ ತಂದರೂ ಆಯಿತು. 60 ನಂಬರಿನಿಂದ ಶುರುಮಾಡಿ 80ಕ್ಕೆ ನಿಲ್ಲಿಸುತ್ತೇನೆ. ಜಗಳ ಶುರುವಾಗುವುದು ಇಲ್ಲಿ. ಎಲ್ಲರಿಗೂ ಒಳಮೈ ಕನ್ನಡಿಯ ಹಾಗೆ ಹೊಳೆಯಬೇಕು. ಕಾರ್ಬುರೇಟರ್ ಗಾಡಿಯಲ್ಲಿ ಮ್ಯಾನಿಫೋಲ್ಡಿನೊಳಗೆ ಹೋಗುವುದು ಬರೀ ಗಾಳಿಯಲ್ಲ, ಪೆಟ್ರೋಲಿನ ಹನಿಯೂ ಹೌದು. ಗೋಡೆ ಕನ್ನಡಿಯಾದರೆ ಹನಿ ಗೋಡೆಗೆ ಕೂತು, ತೆಳ್ಳಗೆ ಹರಿದು ಸಿಲಿಂಡರಿಗೆ ಇಳಿಯುತ್ತದೆ, ಗಾಳಿಯಲ್ಲಿ ಬೆರೆಯುವುದಿಲ್ಲ. ಸ್ವಲ್ಪ ಒರಟು ಇದ್ದರೆ ಅದನ್ನು ಮತ್ತೆ ಎಬ್ಬಿಸುತ್ತದೆ. ಎಂಪಿಎಫ್‌ಐ, ಅಂದರೆ ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಇರುವ, ಗಾಡಿಯಲ್ಲಿ ಇಂಜೆಕ್ಟರ್ ವಾಲ್ವಿನ ಹತ್ತಿರವೇ ಚಿಮ್ಮಿಸುವುದರಿಂದ ಮ್ಯಾನಿಫೋಲ್ಡಿನ ಬಹುಪಾಲು ಒಣಗಾಳಿಯದೇ. ಅಲ್ಲಿ ಕನ್ನಡಿ ಮಾಡಿದರೆ ನಷ್ಟವೇನಿಲ್ಲ, ಒಂದು ಭಾನುವಾರ ಹೋಯಿತು ಅಷ್ಟೇ. ಬಫಿಂಗ್ ಸೋಪು, ಬಟ್ಟೆಚಕ್ರ ತಂದೇ ತರುತ್ತೇನೆ ಅನ್ನುವವರು ಹೊರಮೈಗೆ ಹಚ್ಚಿ ಹೊಳೆಸಿ, ಬಾನೆಟ್ ಎತ್ತಿದಾಗ ಚೆಂದ ಕಾಣುತ್ತದೆ.

ಪಿಕಪ್ ಎಷ್ಟು ಏರುತ್ತದೆ ಅನ್ನುವವರಿಗೆ ನಾನು ಬೆಂಗಳೂರನ್ನೇ ತೋರಿಸುತ್ತೇನೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದ್ದೇವೆ, ಇಲ್ಲಿಯ ಗಾಳಿ ಚೆನ್ನೈಯದಕ್ಕಿಂತ ಹತ್ತಿರ ಹತ್ತಿರ ಶೇ. 10 ತೆಳು. ಟರ್ಬೊ ಇಲ್ಲದ ಗಾಡಿ ಅಷ್ಟನ್ನು ಕಳೆದುಕೊಂಡೇ ಓಡುತ್ತಿರುತ್ತದೆ. ಎಮರಿ ಕಾಗದ ಅದನ್ನು ತಂದುಕೊಡುವುದಿಲ್ಲ. ಅದರ ಮೇಲೆ ಬಾಯಿ ತೀರಾ ಅಗಲಿಸಿದರೆ ಗಾಳಿಯ ವೇಗ ಕುಗ್ಗಿ, ಸಿಲ್ಕ್ ಬೋರ್ಡಿನಲ್ಲಿ ಎರಡನೇ ಗೇರಿನಲ್ಲಿ ತೆವಳುವಾಗ ಎಳೆತವೇ ಇರುವುದಿಲ್ಲ. ಹೆರೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ, ಗೋಡೆ ಕೆಲವು ಕಡೆ 3-4 ಮಿಮೀ ಅಷ್ಟೇ ಇರುತ್ತದೆ.

ತೊಳೆಯುವುದನ್ನು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಇಂಜಿನ್ ಹಾಳಾಗುವುದೇ ಅಲ್ಲಿ. ಎಮರಿಯ ಒಂದು ಹರಳು ಒಳಗೆ ಉಳಿದರೂ ಅದು ಹೋಗುವುದು ಪಿಸ್ಟನ್ನಿಗೆ. ಬಿಸಿನೀರು, ಬಟ್ಟೆ ಒಗೆಯುವ ಪುಡಿ, ಬಾಟಲಿ ತೊಳೆಯುವ ಬ್ರಷ್, ಬಿಳಿ ಬಟ್ಟೆ ಒಳಗೆ ಎಳೆದರೆ ಬಿಳಿಯಾಗಿಯೇ ಹೊರಬರುವ ತನಕ. ನನ್ನ ಗೆಳೆಯನೊಬ್ಬ ಈ ಕಷ್ಟ ಯಾಕೆ ಅಂತ ಗ್ಯಾರೇಜೊಂದಕ್ಕೆ ಕೊಟ್ಟ. ಅವರು ಕಬ್ಬಿಣದ ಬ್ಲಾಕ್ ಅದ್ದುವ ಕಾಸ್ಟಿಕ್ ಸೋಡಾ ತೊಟ್ಟಿಯಲ್ಲೇ ಇದನ್ನೂ ಅದ್ದಿದರು. ಕಾಸ್ಟಿಕ್ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಸಂಜೆ ಹೋದರೆ ಎರಡು ದಿನ ತಿದ್ದಿದ್ದ ಮೈಯೆಲ್ಲ ಕಪ್ಪಗೆ ತೂತುತೂತು.

ಜೋಡಿಸುವಾಗ ಹಳೇ ಗ್ಯಾಸ್ಕೆಟ್ ಬೇಡ, ಗೀಚಲು ಬಳಸಿದ್ದೂ ಬೇಡ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಸುತ್ತಿನಲ್ಲಿ ಬಿಗಿ ಮಾಡಿ. ಸ್ಟಾರ್ಟ್ ಮಾಡಿದ ಮೇಲೆ ಐಡಲ್ ಏರಿಳಿಯುತ್ತಿದ್ದರೆ ಪಾಲಿಷನ್ನು ಬೈಯಬೇಡಿ, ಮೊದಲು ಎಲ್ಲೋ ಗಾಳಿ ಎಳೆಯುತ್ತಿದೆಯಾ ನೋಡಿ. ನನ್ನದರಲ್ಲಿ ಮ್ಯಾನಿಫೋಲ್ಡಿಗೆ ಬ್ರೇಕ್ ಬೂಸ್ಟರಿನ ಪೈಪು ಸಿಕ್ಕಿಸುವುದನ್ನೇ ಮರೆತಿದ್ದೆ.