ಬಚ್ಚಲ ಹಿಂದಿನ ಕ್ಯಾನಾ

ಅತ್ತೆ ಸೆರಗಿನ ತುದಿ ಬಿಚ್ಚಿ ಮೂರು ಕಾಯಿಗಳನ್ನು ಜಗಲಿ ಮೇಲೆ ಇಟ್ಟರು. "ಬೀಜ ಆಗಲ್ಲ ಅಂತಿದ್ದೆಯಲ್ಲ ಮಾರಾಯ್ತಿ, ಇದೇನು ಹಾಗಾದ್ರೆ?"

ಮೈಯೆಲ್ಲ ತರಿತರಿಯಾದ ಹಸಿರು ಕಾಯಿ. ಕಾಬಾಳೆಯದೇ, ಅಂದರೆ ಕ್ಯಾನಾದ್ದೇ, ಅನುಮಾನ ಇಲ್ಲ.

ಮೂಡಿಗೆರೆ ಹತ್ತಿರದ ನಮ್ಮ ಮನೆಯಲ್ಲಿ ಬಚ್ಚಲ ನೀರು ಹರಿಯುವ ಕಡೆ ಕ್ಯಾನಾ ಹಿಂಡು ಇದೆ. ಎಂಟು ವರ್ಷದ ಹಿಂದೆ ಹಾಸನದಿಂದ ತಂದದ್ದು. ಅಂಗೈ ಅಗಲದ ಕೇಸರಿ ಹೂವು. "ಹೈಬ್ರಿಡ್ಡು ಮೇಡಂ, ಬೀಜ ಬಿಡಲ್ಲ, ಗಡ್ಡೆ ಕಿತ್ತು ನೆಡಿ" ಅಂದಿದ್ದ ನರ್ಸರಿಯವನು. ಎಂಟು ವರ್ಷವೂ ಅವನ ಮಾತು ನಿಜವಾಗಿತ್ತು. ಹೂವು ಬಾಡುತ್ತಿತ್ತು, ಉದುರುತ್ತಿತ್ತು, ಅಷ್ಟೇ.

ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿದವಳು. ಅತ್ತೆಗೂ ಪಾಠ ಮಾಡದೆ ಬಿಟ್ಟಿರಲಿಲ್ಲ. ಕಾಡು ಕಾಬಾಳೆಯ ಜೀವಕೋಶದಲ್ಲಿ ವಂಶಗುಣ ಹೊತ್ತ ಎಳೆಗಳು, ಅಂದರೆ ವರ್ಣತಂತು, 18 ಇರುತ್ತವೆ, 9ರ ಎರಡು ಸೆಟ್ಟು. ದೊಡ್ಡ ಹೂವಿನ ಎಷ್ಟೋ ಹೈಬ್ರಿಡ್ಡುಗಳಲ್ಲಿ 27 ಇರುತ್ತವೆ, ಮೂರು ಸೆಟ್ಟು. ಪರಾಗ, ಅಂಡ ಆಗುವಾಗ ಇವು ಎರಡು ಪಾಲಾಗಬೇಕು. ಮೂರನೆಯದು ಯಾವ ಕಡೆ ಹೋಗಬೇಕು? ಎರಡು ಮನೆಯನ್ನು ಮೂರು ಜನ ಅಣ್ಣತಮ್ಮಂದಿರು ಹಂಚಿಕೊಳ್ಳಲು ಕೂತ ಹಾಗೆ. ಪಾಲು ಸರಿಯಾಗಲ್ಲ, ಕಾಯಿ ಕಟ್ಟಲ್ಲ. ಹೇಸರಗತ್ತೆ ಮರಿ ಹಾಕುತ್ತಾ ಅತ್ತೆ, ಅಂತ ಬೇರೆ ಕೇಳಿದ್ದೆ.

ಈಗ ಬಾಯಿ ಮುಚ್ಚಿಕೊಂಡು ಕಾಯಿ ಬಿಡಿಸಿದೆ. ಮೊದಲನೆಯದು ಪೊಳ್ಳು. ಎರಡನೆಯದರಲ್ಲಿ ಸಾಸಿವೆಯಷ್ಟು ಸುಕ್ಕಿದ ಚೂರುಗಳು. ಮೂರನೆಯದರಲ್ಲಿ ಒಂದೇ ಒಂದು ಬೀಜ. ಕಪ್ಪಗೆ, ಗುಂಡಗೆ, ಕೋವಿ ಚರೆಯ ಹಾಗೆ ಗಟ್ಟಿ.

ಆದರೂ ಸೋಲು ಒಪ್ಪಲು ಮನಸ್ಸಿಲ್ಲ. ಗದ್ದೆ ಕಾಲುವೆಯ ಕೆಂಪು ಕಾಡು ಕಾಬಾಳೆಯ ಮರಿಯೊಂದು ಹಿಂಡಿನೊಳಗೆ ಸೇರಿಕೊಂಡಿರಬಹುದು ಅಲ್ವಾ? ಗುದ್ದಲಿ ತಗೊಂಡು ಹೋಗಿ ಬುಡ ಕೆದಕಿದೆ. ಕಾಯಿ ಬಿಟ್ಟ ದಂಟು ಹಳೇ ಗಡ್ಡೆಯದೇ. ತುದಿಯಲ್ಲಿ ಅದೇ ಕೇಸರಿ ಹೂವು. ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಏನೂ ಹೇಳಲಿಲ್ಲ. ಅದೇ ಜಾಸ್ತಿ ಉರಿಯಿತು.

ಆಮೇಲೆ ಕೂತು ಯೋಚಿಸಿದರೆ ತಪ್ಪು ನನ್ನದೇ. ಮಕ್ಕಳಿಗೆ 'ಬಂಜೆ ಗಿಡ' ಅಂತ ಬರೆಸಿಬಿಡುತ್ತಿದ್ದೆ. ಅಪರೂಪಕ್ಕೆ ಬೀಜ ಕಟ್ಟುತ್ತದೆ ಅಂತ ಬರೆಸಬೇಕಿತ್ತು. ಸಾವಿರ ಅಂಡದಲ್ಲಿ ಯಾವುದೋ ಒಂದಕ್ಕೆ ಪಾಲು ಸರಿಯಾಗಿ ಬಿದ್ದುಬಿಡಬಹುದು. ಮಕರಂದ ಹೀರುವ ಸೂರಕ್ಕಿಯೊಂದು ಕಾಲುವೆ ಬದಿಯಿಂದ ಒಳ್ಳೆಯ ಪರಾಗ ತಂದು ಮುಟ್ಟಿಸಿದರೆ ಆಯಿತು. ಎಂಟು ವರ್ಷ, ಲೆಕ್ಕವಿಲ್ಲದಷ್ಟು ಹೂವು. ಒಂದು ಬೀಜ ಏನು ಮಹಾ?

ಕೆಲವು ಸಲ ಗಿಡ ಇನ್ನೂ ದೊಡ್ಡ ಆಟ ಆಡುತ್ತದೆ. ಲಂಡನ್ನಿನ ಕ್ಯೂ ತೋಟದಲ್ಲಿ 1900ಕ್ಕೆ ಸ್ವಲ್ಪ ಮುಂಚೆ ಎರಡು ಜಾತಿ ಪ್ರಿಮುಲಾ ಬೆರೆತು ಒಂದು ಗಿಡ ಹುಟ್ಟಿತು. ಎರಡು ಜಾತಿಯ ವರ್ಣತಂತು ಒಂದಕ್ಕೊಂದು ಸರಿಯಾಗಿ ಹೊಂದಲ್ಲ, ಹಾಗಾಗಿ ಬೀಜ ಇಲ್ಲ. 1905ರಲ್ಲಿ ಇದ್ದಕ್ಕಿದ್ದಂತೆ ಬೀಜ ಬಿಟ್ಟಿತು. ಆಮೇಲೆ ಎಣಿಸಿ ನೋಡಿದರೆ ವರ್ಣತಂತು 18 ಇದ್ದದ್ದು 36 ಆಗಿತ್ತು. ಎಲ್ಲವೂ ದುಪ್ಪಟ್ಟಾಗಿ, ಪ್ರತಿಯೊಂದಕ್ಕೂ ಜೊತೆ ಸಿಕ್ಕಿತ್ತು. ಅಷ್ಟು ದೂರ ಯಾಕೆ, ನಮ್ಮ ತೋಟದ ಅರೇಬಿಕಾ ಕೂಡ ಹಾಗೇ ಬಂದದ್ದು. ರೊಬಸ್ಟಾ ಜಾತಿಯೂ ಆಫ್ರಿಕಾದ ಇನ್ನೊಂದು ಕಾಫಿಯೂ ಕೂಡಿದ ಗಿಡ. ರೊಬಸ್ಟಾಕ್ಕೆ 22, ಇದಕ್ಕೆ 44. ಎರಡು ಜಾತಿ ಬೆರೆತ ಗಿಡದ ಬೀಜವನ್ನೇ ದಿನಾ ಬೆಳಿಗ್ಗೆ ಕುಡಿಯುತ್ತಾ ನಾನು ಅತ್ತೆಗೆ ಹೇಸರಗತ್ತೆ ಕಥೆ ಹೇಳಿದ್ದೆ!

ಬೀಜವನ್ನು ಬಟ್ಟೆ ಒಗೆಯುವ ಕಲ್ಲಿಗೆ ಉಜ್ಜಿದೆ. ಕಪ್ಪು ಸಿಪ್ಪೆ ಹೋಗಿ ಬಿಳಿ ಕಾಣುವವರೆಗೆ. ಇಲ್ಲದಿದ್ದರೆ ಅದಕ್ಕೆ ನೀರೇ ಇಳಿಯಲ್ಲ. ರಾತ್ರಿಯಿಡೀ ಬಿಸಿನೀರಲ್ಲಿ ನೆನೆಸಿ ಕಾಫಿ ಸಸಿಯ ಬ್ಯಾಗಿಗೆ ಹಾಕಿದೆ. ಮೂರನೇ ವಾರ ಮೊಳಕೆ ಬಂತು.

ಈಗ ನಾಲ್ಕು ಎಲೆ. ಹೂವು ಕೆಂಪು ಅಂತ ಅತ್ತೆ, ಕೇಸರಿ ಅಂತ ನಾನು. ಈ ಸಲ ಕಾರಣ ಮಾತ್ರ ಹೇಳಿಲ್ಲ.