ಎಂಟು ಏಟಿಗೆ ಐದೇ ಅಕ್ಷರ

ಹಾಸನದ ಬಿ.ಎಂ. ರಸ್ತೆ ಹತ್ತಿರ ನನ್ನದೊಂದು ಸಣ್ಣ ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿ. ಬರೋದೆಲ್ಲ ಮಿಕ್ಸಿ, ಯುಪಿಎಸ್, ಟಿವಿ. ಹೋದ ತಿಂಗಳು ಕಾಲೇಜು ಹುಡುಗನೊಬ್ಬ ನಿಂಟೆಂಡೊ ವೀ ಅನ್ನೋ ವಿಡಿಯೊ ಗೇಮ್ ಕನ್ಸೋಲಿನ ತೈಕೋ ಡ್ರಮ್ ತಂದಿಟ್ಟ, ಕೋಲಲ್ಲಿ ಬಾರಿಸಿ ಆಟ ಆಡೋದು. ಅವನ ಚಿಕ್ಕಪ್ಪ ಜಪಾನಿನಿಂದ ತಂದದ್ದಂತೆ. ಕನ್ಸೋಲ್ ಕೆಟ್ಟು ಅಟ್ಟ ಸೇರಿದೆ. "ಅಣ್ಣ, ಇದನ್ನ ಲ್ಯಾಪ್‌ಟಾಪಿಗೆ ಹಾಕೋ ಹಾಗೆ ಮಾಡಿಕೊಡ್ತೀರಾ?" ಅಂದ.

ದೊಡ್ಡ ಕೆಲಸ ಅನ್ನಿಸಲಿಲ್ಲ. ಈ ಡ್ರಮ್ ವೀ ರಿಮೋಟಿನ ಬುಡಕ್ಕೆ ಸಿಕ್ಕಿಸುವಂಥದ್ದು. ಬೇಕಾದ ವೈರು ನಾಲ್ಕೇ: 3.3 ವೋಲ್ಟ್, ಗ್ರೌಂಡ್, ಡೇಟಾ, ಕ್ಲಾಕ್. ಡ್ರಮ್ಮಿಗೂ ಲ್ಯಾಪ್‌ಟಾಪಿಗೂ ನಡುವೆ ಕೂರಿಸೋಕೆ ಪ್ರೊ ಮೈಕ್ರೊ ಅನ್ನೋ, ಕೋಡ್ ಬರೆದು ಹಾಕುವ ಪುಟ್ಟ ಬೋರ್ಡ್ ತರಿಸುವಾಗ 3.3 ವೋಲ್ಟಿನದೇ ಆರಿಸಿದೆ. 5 ವೋಲ್ಟ್ ಕೊಟ್ಟು ಬೇರೆಯವರ ಡ್ರಮ್ ಸುಟ್ಟರೆ ಬದಲಿ ಎಲ್ಲಿಂದ ತರೋದು? ಬೋರ್ಡಿನ 32ಯು4 ಚಿಪ್ ತಾನೇ ಯುಎಸ್‌ಬಿ ಕೀಬೋರ್ಡ್ ಆಗಿಬಿಡುತ್ತದೆ, ಡ್ರೈವರ್ ರಗಳೆ ಇಲ್ಲ. ಡ್ರಮ್ಮಿಗೆ ಒಂದು ಏಟು ಬಿದ್ದರೆ ಒಂದು ಅಕ್ಷರ ಒತ್ತಿದ ಹಾಗೆ.

ಮೊದಲ ಸಲ ಸಿಕ್ಕಿಸಿದಾಗ ಯಾರೂ ಮುಟ್ಟದಿದ್ದರೂ ನೋಟ್‌ಪ್ಯಾಡ್ ತುಂಬ ಅಕ್ಷರ ಸುರಿಯಿತು. ಡ್ರಮ್ ಕಳಿಸೋ ಡೇಟಾದಲ್ಲಿ ಸುಮ್ನಿದ್ದಾಗ 1, ಏಟು ಬಿದ್ದಾಗ 0. ನಾನು ಉಲ್ಟಾ ಓದಿದ್ದೆ. ಐದು ನಿಮಿಷದಲ್ಲಿ ಸರಿಯಾಯಿತು.

ತಲೆನೋವು ಶುರುವಾಗಿದ್ದು ಆಮೇಲೆ. ಹುಡುಗ ಬಂದು ತಮಟೆ ಬಡಿದ ಹಾಗೆ ಬಾರಿಸಿದ. "ಎಂಟು ಏಟು ಹೊಡ್ದೆ ಅಣ್ಣ, ಐದೇ ಅಕ್ಷರ ಬಿತ್ತು." ನಿಧಾನಕ್ಕೆ ಹೊಡೆದರೆ ಎಲ್ಲ ಸರಿ. ಹಳೇ ಡ್ರಮ್ಮು, ಕಾಂಟ್ಯಾಕ್ಟ್ ಸವೆದಿರಬೇಕು ಅಂತ ಹೇಳಿ ಅವನನ್ನು ಕಳಿಸಿದೆ. ಬಿಚ್ಚಿ ಒಳಗೆಲ್ಲ ಒರೆಸಿದೆ. ಸೋಲ್ಡರ್ ಮತ್ತೆ ಹಾಕಿದೆ. ಒಂದು ದಿನವೇ ಹೋಯಿತು. ಅದೇ ಐದು, ಜಾಸ್ತಿ ಅಂದರೆ ಆರು.

ರಾತ್ರಿ ಷಟರ್ ಎಳೆಯುವ ಮುಂಚೆ ಕೋಡ್ ಓದುತ್ತಾ ಕೂತೆ. ಅಲ್ಲೊಂದು ಸಾಲು: ಡಿಲೇ 20. ಬಟನ್ ಒತ್ತಿದಾಗ ಕಾಂಟ್ಯಾಕ್ಟ್ ಅದುರಿ, ಒಂದೇ ಸಲ ಒತ್ತಿದ್ದು ಹಲವು ಸಲ ಒತ್ತಿದ ಹಾಗೆ ಕಾಣುತ್ತದೆ. ಅದಕ್ಕೇ ಒಮ್ಮೆ ಓದಿ, 20 ಮಿಲಿಸೆಕೆಂಡ್ ಕಾದು, ಮತ್ತೆ ಓದಿ, ಎರಡೂ ಒಂದೇ ಆದರೆ ಮಾತ್ರ ನಂಬೋದು. ಯಾವುದೋ ಹಳೇ ಕೆಲಸದಿಂದ ಎತ್ತಿ ಹಾಕಿದ್ದೆ. ಬಟನ್ ಮೇಲೆ ಬೆರಳು ಕೂತಿರುತ್ತದೆ. ಬೇಗ ಬೇಗ ಬಾರಿಸುವಾಗ ಕೋಲು ಕೂರುವುದೇ ಇಲ್ಲ, ತಗುಲಿ ಎದ್ದುಬಿಡುತ್ತದೆ. ಎರಡನೇ ಸಲ ನೋಡುವ ಹೊತ್ತಿಗೆ ಏಟು ಮುಗಿದೇ ಹೋಗಿರುತ್ತಿತ್ತು.

ಕೋಡ್ ಬದಲಿಸಿದೆ. ಈಗ ಬೋರ್ಡ್ 2 ಮಿಲಿಸೆಕೆಂಡಿಗೊಮ್ಮೆ ಓದುತ್ತದೆ. 0 ಕಂಡ ಕೂಡಲೇ ಕೀ ಒತ್ತಿ, 25 ಮಿಲಿಸೆಕೆಂಡ್ ಹಿಡಿದಿರುತ್ತದೆ. ಹುಡುಗ ಲ್ಯಾಪ್‌ಟಾಪಿನಲ್ಲಿ ಆಡೋ ಆಟ ಸೆಕೆಂಡಿಗೆ 60 ಫ್ರೇಮಿನದು, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಾಗುತ್ತದೆ, ಫ್ರೇಮಿಗೆ ಸುಮಾರು 17 ಮಿಲಿಸೆಕೆಂಡ್. ಅಷ್ಟು ಹೊತ್ತಾದರೂ ಕೀ ಒತ್ತಿರಬೇಕು ಅಲ್ವಾ. ಅದುರುವುದೂ ಆ 25ರೊಳಗೇ ಮುಗಿಯುತ್ತದೆ.

ಮಾರನೇ ದಿನ ಎಂಟಕ್ಕೆ ಎಂಟು. "ಕಾಂಟ್ಯಾಕ್ಟ್ ಸರಿಹೋಯ್ತಾ ಅಣ್ಣ?" ಅಂದ ಹುಡುಗ.

"ಡ್ರಮ್ ಸರಿಯಾಗೇ ಇತ್ತು ಕಣಪ್ಪ, ತಪ್ಪಿದ್ದು ನನ್ನ ಕೋಡಲ್ಲಿ" ಅಂದೆ. ಬಿಚ್ಚಿ ಒರೆಸಿದ ಕೂಲಿ ಬಿಲ್ಲಿಗೆ ಸೇರಿಸಲಿಲ್ಲ.